ಶಾಲೆಯ ಗೋಡೆ ಬೀಳುವ ಮುನ್ನ



ಹುಕ್ಕೇರಿಯಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳು ಶತಮಾನಗಳ ಮಳೆಗಾಳಿಗೆ ಮೈಯೊಡ್ಡಿ ಇಂದಿಗೂ ನಿಂತಿವೆ. ಹಾಗಿರುವಾಗ ನಿನ್ನೆ ಮೊನ್ನೆ ಕಟ್ಟಿದ ಶಾಲಾ ಕೊಠಡಿಗಳು ಕುಸಿಯುವುದೇಕೆ? ಕಾರಣಗಳು ಮೂರು: ನೆಲ, ನೀರು ಮತ್ತು ನಿರ್ಲಕ್ಷ್ಯ.

ಮೊದಲು ನೆಲವನ್ನು ನೋಡೋಣ. ಮೂಡಲಗಿ ಸೀಮೆಯ ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಅಡಿಪಾಯ ಗಟ್ಟಿನೆಲ ಮುಟ್ಟದಿದ್ದರೆ ಗೋಡೆಯೂ ಅದರೊಡನೆ ಏರಿಳಿದು ಸೀಳುತ್ತದೆ.

ಇನ್ನು ನೀರು. 2019ರ ಆಗಸ್ಟ್‌ನಲ್ಲಿ ಘಟಪ್ರಭಾ, ಮಾರ್ಕಂಡೇಯ, ಹಿರಣ್ಯಕೇಶಿ ನದಿಗಳು ಉಕ್ಕಿ ಹರಿದವು. ಗೋಕಾಕ ಪಟ್ಟಣದ ತಗ್ಗು ಪ್ರದೇಶಗಳು ಜಲಾವೃತವಾದವು. ಬೆಳಗಾವಿ ಜಿಲ್ಲೆಯಲ್ಲಿ ಅನೇಕ ಶಾಲಾ ಕೊಠಡಿಗಳು ಹಾನಿಗೊಂಡವು. ಮಣ್ಣಿನ ಗಾರೆಯ ಗೋಡೆ ಬುಡದಲ್ಲಿ ನೆನೆದರೆ ಬಲ ಕಳೆದುಕೊಳ್ಳುತ್ತದೆ. ನೆರೆ ಇಳಿದ ಮೇಲೂ ಅದು ಕುಸಿಯಬಹುದು. ಕಾಂಕ್ರೀಟ್ ಚಾವಣಿಯ ಕಥೆ ಬೇರೆ. ಸೋರಿದ ನೀರು ಒಳಗಿನ ಕಬ್ಬಿಣದ ಸರಳನ್ನು ಮುಟ್ಟಿದಾಗ ಅದು ತುಕ್ಕು ಹಿಡಿದು ಹಿಗ್ಗುತ್ತದೆ, ಕೆಳಗಿನ ಸಿಮೆಂಟ್ ಪದರವನ್ನು ಒಡೆದು ಉದುರಿಸುತ್ತದೆ.

ನಿರ್ಲಕ್ಷ್ಯದ ಪಾಠವನ್ನು ಇತಿಹಾಸ ಹೇಳುತ್ತದೆ. 1933ರ ಮಾರ್ಚ್ 10ರ ಸಂಜೆ ಅಮೆರಿಕದ ಲಾಂಗ್ ಬೀಚ್‌ನಲ್ಲಿ ಭೂಕಂಪವಾಗಿ ಹಲವು ಶಾಲೆಗಳು ಉರುಳಿದವು. ಶಾಲೆ ಬಿಟ್ಟಿದ್ದರಿಂದ ಮಕ್ಕಳು ಉಳಿದರು. ಒಂದೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು ಶಾಲಾ ಕಟ್ಟಡಗಳಿಗೆಂದೇ ಕಟ್ಟುನಿಟ್ಟಿನ ಕಾನೂನು ತಂದಿತು. ನಮ್ಮಲ್ಲಿ 2004ರ ಕುಂಭಕೋಣಂ ಶಾಲಾ ಬೆಂಕಿಗೆ 94 ಮಕ್ಕಳು ಬಲಿಯಾದರು. ಸುರಕ್ಷಿತ ಶಾಲೆಯೂ ಶಿಕ್ಷಣದ ಹಕ್ಕಿನ ಭಾಗವೆಂದು 2009ರಲ್ಲಿ ಸುಪ್ರೀಂ ಕೋರ್ಟ್ ಸಾರಿತು. ಆದರೂ 2025ರ ಜುಲೈ 25ರಂದು ರಾಜಸ್ಥಾನದ ಪಿಪ್ಲೋದಿಯಲ್ಲಿ ಶಾಲಾ ಕಟ್ಟಡ ಕುಸಿದು ಏಳು ಮಕ್ಕಳು ಅಸುನೀಗಿದರು. ಅದಕ್ಕೂ ಮುನ್ನ ಮೇಲಿನಿಂದ ಕಲ್ಲಿನ ಚೂರು ಉದುರುತ್ತಿತ್ತೆಂದು ಬದುಕುಳಿದ ಮಕ್ಕಳು ಹೇಳಿದ್ದು ಪತ್ರಿಕೆಗಳಲ್ಲಿ ವರದಿಯಾಯಿತು.

ಕಟ್ಟಡವು ಬೀಳುವ ಮುನ್ನ ಸಾಮಾನ್ಯವಾಗಿ ಸೂಚನೆ ಕೊಡುತ್ತದೆ. ದಿನೇದಿನೇ ಅಗಲವಾಗುವ ಬಿರುಕು, ಇದ್ದಕ್ಕಿದ್ದಂತೆ ಬಿಗಿಯಾಗುವ ಬಾಗಿಲು, ಚಾವಣಿಯ ಕಂದು ಕಲೆ, ಜೋತುಬಿದ್ದ ತೊಲೆ, ಉದುರುವ ಗಾರೆ: ಇವುಗಳಲ್ಲಿ ಯಾವುದನ್ನೇ ಕಂಡರೂ ಮುಖ್ಯೋಪಾಧ್ಯಾಯರಿಗೂ ಎಸ್.ಡಿ.ಎಂ.ಸಿ. ಸದಸ್ಯರಿಗೂ ತಿಳಿಸಿ. ಎಂಜಿನಿಯರರು ಪರೀಕ್ಷಿಸುವ ತನಕ ಆ ಕೋಣೆಗೆ ಬೀಗವಿರಲಿ. ಪಾಠ ಮರದ ನೆರಳಿನಲ್ಲಿ ನಡೆದರೂ ನಷ್ಟವಿಲ್ಲ. ಪ್ರತಿ ಮಳೆಗಾಲಕ್ಕೆ ಮುಂಚೆ ಚಾವಣಿಯ ಕಸ ತೆಗೆದು, ನೀರು ಗೋಡೆಯ ಬುಡದಿಂದ ದೂರ ಹರಿಯುವಂತೆ ಮಾಡುವುದು ದೊಡ್ಡವರ ಕೆಲಸ. ಅದನ್ನು ಅವರಿಗೆ ನೆನಪಿಸುವುದು ಮಾತ್ರ ನಿಮ್ಮ ಹಕ್ಕು.