ಮೀಟುವ ಬೆರಳು

ಕಳೆದ ಬೇಸಿಗೆ ರಜೆಯಲ್ಲಿ ಜಲನಗರದ ನಮ್ಮ ಮನೆಗೆ ಬಂದ ಮೊಮ್ಮಗ ಜೊತೆಗೊಂದು ಬೇಸ್ ಗಿಟಾರನ್ನೂ ತಂದಿದ್ದ. ತಂತಿ ಮೀಟಲು ಅವನ ಕೈಯಲ್ಲಿ ಪ್ಲಾಸ್ಟಿಕ್ಕಿನ ಮುಕ್ಕೋನದ ಚೂರೊಂದಿತ್ತು. ಅದಕ್ಕೆ ‘ಪಿಕ್’ ಎನ್ನುತ್ತಾರಂತೆ. ಹತ್ತು ನಿಮಿಷದೊಳಗೆ ಅದು ನಾಲ್ಕು ಸಲ ಜಾರಿ ನೆಲಕ್ಕೆ ಬಿದ್ದಿತು. “ಅಜ್ಜಾ, ಬಿಗಿ ಹಿಡದ್ರ ಕೈ ನೋಯ್ತೈತಿ, ಸಡ್ಲ ಬಿಟ್ರ ಜಾರತೈತಿ. ಏನ್ ಮಾಡ್ಲಿ?” ಎಂದು ಕೇಳಿದ. ಆ ಪ್ರಶ್ನೆ ನನ್ನನ್ನು ಬಹಳ ಹಿಂದಕ್ಕೆ ಕರೆದೊಯ್ದಿತು.

ತಂತಿ ಮೀಟುವ ಕೈಗೆ ನಮ್ಮ ಊರಿನಲ್ಲಿ ನಾಲ್ಕು ನೂರು ವರ್ಷಗಳ ಹಿಂದೆಯೇ ರಾಜಮರ್ಯಾದೆ ಇತ್ತು. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಾಹ ತನ್ನ ತಂಬೂರಕ್ಕೆ ‘ಮೋತಿಖಾನ’ ಎಂದು ಹೆಸರಿಟ್ಟು, ತಾನು ರಚಿಸಿದ ‘ಕಿತಾಬ್-ಎ-ನೌರಸ್’ನ ಹಾಡುಗಳಲ್ಲಿ ಅದನ್ನು ಸ್ಮರಿಸಿದ. ಸರಸ್ವತಿ, ಗಣಪತಿಯರನ್ನು ವಂದಿಸುವ ಆ ಕೃತಿ ದಖನಿ ಭಾಷೆಯದು. ತೊರವಿಯ ಬಳಿ 1599ರಲ್ಲಿ ಅವನು ಕಟ್ಟಲಾರಂಭಿಸಿದ ನೌರಸಪುರವನ್ನು 1624ರಲ್ಲಿ ಮಲಿಕ್ ಅಂಬರನ ಸೈನ್ಯ ಹಾಳುಗೆಡವಿತು. ತಂಬೂರ ನುಡಿಸುತ್ತಿರುವ ಸುಲ್ತಾನನನ್ನು ಫರ್ರುಖ್ ಬೇಗ್ ಬರೆದ ಚಿತ್ರ ಮಾತ್ರ ದೂರದ ಪ್ರಾಗ್ ನಗರದ ವಸ್ತುಸಂಗ್ರಹಾಲಯದಲ್ಲಿ ಉಳಿದಿದೆ.

ಅರಮನೆಯ ಹೊರಗೂ ಮೀಟುವ ಕೈಗಳಿದ್ದವು. ಸವದತ್ತಿ ಎಲ್ಲಮ್ಮನ ಜೋಗತಿಯರು ಚೌಡಿಕೆಯನ್ನು ಕಂಕುಳಲ್ಲಿ ಇರುಕಿಕೊಂಡು, ಕೈಯಲ್ಲಿನ ಸಣ್ಣ ಚೂರಿನಿಂದ ಅದರ ಒಂಟಿ ತಂತಿಯನ್ನು ಮೀಟುತ್ತಾರೆ. ಅದರ ಗುಂಯ್‌ಗುಡುವ ನಾದ ಕೇಳಿದವರಿಗೆ ಬೇಸ್ ಗಿಟಾರು ತೀರ ಅಪರಿಚಿತವೆನಿಸದು.

ಸಿತಾರಿನ ದಾರಿಯೇ ಬೇರೆ. ಬೀನಕಾರ ಬಂದೇ ಅಲಿಖಾನರ ಶಿಷ್ಯರಾದ ಸಿತಾರರತ್ನ ರಹಿಮತ್‌ಖಾನರು ಧಾರವಾಡದಲ್ಲಿ ನೆಲೆಸಿ, 1954ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿ ಸಿತಾರಿನ ಬೇರನ್ನು ಆಳಕ್ಕಿಳಿಸಿದರು. ಮೊಮ್ಮಗ ಬಾಲೇಖಾನರು 2007ರವರೆಗೂ ಅದನ್ನು ಬೆಳೆಸಿದರು. ಸಿತಾರಿನಲ್ಲಿ ಮೀಟುವ ಸಾಧನವನ್ನು ಹಿಡಿಯುವುದಿಲ್ಲ, ತೊಡುತ್ತಾರೆ. ಉಕ್ಕಿನ ತಂತಿಯ ಮಿಜರಾಬು ತೋರುಬೆರಳಿನ ತುದಿಗೆ ಕಚ್ಚಿಕೊಂಡಿರುತ್ತದೆ. ಸರೋದಿಗೆ ಬೇಕಾದದ್ದು ‘ಜವಾ’, ಅಂದರೆ ತೆಂಗಿನ ಕರಟದಿಂದ ಅರೆದು ಮಾಡಿದ ಬಿಲ್ಲೆ. ಅದನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿಯಬೇಕು. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದು, ಅಲಿ ಅಕ್ಬರ್ ಖಾನರ ಶಿಷ್ಯರಾಗಿ ಸರೋದಿಗೇ ಬದುಕನ್ನು ಒಪ್ಪಿಸಿ, 2024ರಲ್ಲಿ ಮೈಸೂರಿನಲ್ಲಿ ನಿಧನರಾದ ರಾಜೀವ ತಾರಾನಾಥರ ಕೈಯಲ್ಲಿದ್ದದ್ದು ಇದೇ ವಾದ್ಯ. ಪಿಕ್ಕಿನ ಹತ್ತಿರದ ಬಂಧು ಈ ಜವಾ.

ಬೇಸ್ ಗಿಟಾರಿನ ತೊಡಕು ತಂತಿಯ ದಪ್ಪದಲ್ಲಿದೆ. ಸಿತಾರಿನ ಮುಖ್ಯ ತಂತಿ ಸುಮಾರು 0.3 ಮಿ.ಮೀ. ಇದ್ದರೆ, ಬೇಸಿನ ದಪ್ಪ ತಂತಿ 2.6 ಮಿ.ಮೀ. ಮೀರುತ್ತದೆ. ಪಿಕ್ಕಿನ ತುದಿ ಹೆಚ್ಚು ಹೊರಚಾಚಿದ್ದರೆ, ಸನ್ನೆಗೋಲಿನ ನಿಯಮದಂತೆ ತಂತಿಯೇ ಅದನ್ನು ತಿರುಚಿ ಕಿತ್ತುಕೊಳ್ಳುತ್ತದೆ. ಆದ್ದರಿಂದ ತೋರುಬೆರಳನ್ನು ಮಡಚಿ, ಅದರ ಮಗ್ಗುಲಿನ ಮೇಲೆ ಪಿಕ್ಕನ್ನಿಟ್ಟು, ಮೇಲೆ ಹೆಬ್ಬೆರಳಿನ ಮೆತ್ತನೆಯ ಭಾಗವನ್ನು ಒತ್ತಿ, ತುದಿಯನ್ನಷ್ಟೇ ಹೊರಗೆ ಬಿಡಬೇಕು. ಬಿಗಿ ಆ ಎರಡು ಬೆರಳುಗಳಲ್ಲಿರಲಿ, ಮಣಿಕಟ್ಟು ಸಡಿಲವಾಗಿರಲಿ.

ಇದನ್ನು ಹೇಳುವ ಅಧಿಕಾರ ನನಗೆ ಬಂದದ್ದು ಒಂದು ಸೋಲಿನಿಂದ. ಬಿ.ಎಡ್. ಓದುವಾಗ ಧಾರವಾಡದಲ್ಲಿ ಕೆಲವು ತಿಂಗಳು ಸಿತಾರ್ ಕಲಿತೆ. ಮಿಜರಾಬು ಜಾರುತ್ತದೆಂದು ನಾನು ಇಕ್ಕಳದಿಂದ ಅದನ್ನು ಬಿಗಿದೆ, ಬೆರಳು ನೀಲಿಗಟ್ಟಿತು. ಗುರುಗಳು ಮಾತಿಲ್ಲದೆ ಅದನ್ನು ತೆಗೆದು, ತುಸು ಸಡಿಲಿಸಿ, ಮತ್ತೆ ತೊಡಿಸಿದರು. ಅನಂತರ ಅದು ಜಾರಲಿಲ್ಲ. ಆದರೆ ನೌಕರಿ ಸಿಕ್ಕಿತು, ಸಂಸಾರ ಬೆಳೆಯಿತು, ಸಿತಾರು ಗೋಡೆಗೇರಿತು. ಮೂವತ್ತು ವರ್ಷ ನನ್ನ ಬೆರಳುಗಳ ನಡುವೆ ಉಳಿದದ್ದು ಸೀಮೆಸುಣ್ಣದ ತುಂಡು. ಅದನ್ನೂ ಒತ್ತಿ ಹಿಡಿದರೆ ಮುರಿಯುತ್ತಿತ್ತು.

ಮೊಮ್ಮಗನ ಕೈ ಹಿಡಿದು, ಗುರುಗಳು ಮಾಡಿದಂತೆಯೇ ಬೆರಳುಗಳನ್ನು ತಿದ್ದಿ ಕೂರಿಸಿದೆ. ಆ ಸಂಜೆ ಪಿಕ್ ಒಂದೇ ಸಲ ಬಿದ್ದಿತು. ರಾತ್ರಿ ಪೆಟ್ಟಿಗೆಯಿಂದ ಹಳೆಯ ಮಿಜರಾಬನ್ನು ತೆಗೆದು ತೊಟ್ಟು ನೋಡಿದೆ. ವಯಸ್ಸಿನಿಂದ ಬೆರಳು ದಪ್ಪಗಾಗಿದೆ. ಉಗುರಿನಿಂದ ಕೆಳಕ್ಕೆ ಅದು ಇಳಿಯಲಿಲ್ಲ. ಬೆಳಿಗ್ಗೆ ಅದನ್ನು ಮೊಮ್ಮಗನಿಗೆ ಕೊಟ್ಟೆ. ಅವನ ಬೆರಳಿಗೆ ಸರಿಯಾಗಿ ಕೂತಿತು.