ಯಾರ ಒಕ್ಕಲು?

ಭೋಪಾಲದಿಂದ ಹೊರಟ ಲಾರಿ ಹಗರಿಬೊಮ್ಮನಹಳ್ಳಿ ಮುಟ್ಟುವಷ್ಟರಲ್ಲಿ ಐದು ದಿನ ಕಳೆದಿತ್ತು. ಹೆಂಡತಿಗೆ ಬ್ಯಾಂಕಿನ ವರ್ಗಾವಣೆ. ನನ್ನದು ಎಲ್ಲಿ ಕೂತರೂ ನಡೆಯುವ ಅನುವಾದದ ಕೆಲಸ. ಸಾಮಾನು ಇಳಿಸಿ ಮುಗಿಸಿದಾಗ ಕತ್ತಲಾಗಿತ್ತು. ಬೀರುವಿನ ಒಂದು ಕಾಲು ಮುರಿದಿತ್ತು, ಗ್ಯಾಸ್ ಸಿಲಿಂಡರ್ ಬಂದಿರಲಿಲ್ಲ, 'ಅಡುಗೆಮನೆ' ಎಂದು ದಪ್ಪಕ್ಷರದಲ್ಲಿ ಬರೆದಿದ್ದ ಪೆಟ್ಟಿಗೆ ಬಿಚ್ಚಿದರೆ ಒಳಗೆ ನನ್ನ ಹಳೇ ಡೈರಿಗಳು. ಅಷ್ಟರಲ್ಲಿ ಮಹಡಿಯ ಮೇಲಿರುವ ಮನೆಯ ಯಜಮಾನಿ, ಎಪ್ಪತ್ತು ದಾಟಿದ ಅಜ್ಜಿ, ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಹಿಡಿದು ಇಳಿದು ಬಂದರು. ಪೆಟ್ಟಿಗೆಗಳ ನಡುವೆ ಜಾಗ ಮಾಡಿಕೊಂಡು ಕೂತು ಮೊದಲು ಕೇಳಿದ್ದು ಇದನ್ನೇ:

"ನೀವು ಯಾರ ಒಕ್ಲು ಯಪ್ಪಾ?"

ನಾನು ಪುತ್ತೂರಿನ ಕಡೆಯವ. ನಮ್ಮಲ್ಲಿ ಒಕ್ಕಲು ಎಂದರೆ ಗೇಣಿದಾರ. ಧಣಿಯ ಅಂಗಳದಲ್ಲಿ ನಿಂತು ಅಕ್ಕಿಮುಡಿ ಅಳೆದು ಕೊಡುತ್ತಿದ್ದವನು. 1974ರ ಭೂಸುಧಾರಣೆಯ ನಂತರ ಆ ಸಂಬಂಧ ಕಡಿಯಿತು, ಆದರೆ ಮಾತಿನಲ್ಲಿ ಅದರ ಕಹಿ ಇನ್ನೂ ಇದೆ. 'ಅವರು ನಮ್ಮ ಒಕ್ಕಲಾಗಿದ್ದವರು' ಎಂದು ಇಂದಿಗೂ ಒಬ್ಬರು ಹೇಳುತ್ತಾರೆ. 'ಡಿಕ್ಲರೇಶನ್ ಕೊಟ್ಟು ಭೂಮಿ ಮಾಡಿಕೊಂಡವರು ನಾವು' ಎಂದು ಇನ್ನೊಬ್ಬರು ಹೇಳುತ್ತಾರೆ. ಎರಡು ಮಾತಿನ ನಡುವೆ ಒಂದು ಗದ್ದೆಯಷ್ಟು ಮೌನ. ಹಾಗಾಗಿ ಅಜ್ಜಿಯ ಪ್ರಶ್ನೆ ನನ್ನ ಕಿವಿಗೆ ನೆಟ್ಟಗೆ ಬೀಳಲಿಲ್ಲ. "ಸದ್ಯಕ್ಕೆ ನಿಮ್ಮ ಒಕ್ಕಲೇ ಅಲ್ವಾ ಅಮ್ಮ, ತಿಂಗಳಿಗೆ ಬಾಡಿಗೆ ಕೊಡ್ತೇವಲ್ಲ" ಎಂದೆ. ಸ್ವಲ್ಪ ಬಿಗಿಯಾಗಿಯೇ ಎಂದಿರಬೇಕು.

ಅಜ್ಜಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. "ಅದಲ್ಲೋ ಯಪ್ಪಾ. ಯಾವ ದೇವ್ರ ಒಕ್ಲು ಅಂದೆ. ನಾವು ಮೈಲಾರಲಿಂಗನ ಒಕ್ಲು. ನನ್ನ ತವರಿನವ್ರು ಕೊಟ್ಟೂರಯ್ಯನ ಒಕ್ಲು."

ಅವರು ಮೇಲೆ ಹೋದ ಮೇಲೆ ಹೆಂಡತಿ ಕೇಳಿದಳು, "ಒಕ್ಲು ಅಂದ್ರೆ ಒಕ್ಕಣೆ ತಾನೇ? ರಾಗಿ ಒಕ್ಕೋದು?" ಅವಳು ಮಂಡ್ಯದವಳು. ಅವಳಿಗೆ ಈ ಶಬ್ದದಲ್ಲಿ ಕಣ ಇದೆ, ಬಣವೆ ಇದೆ, ಹುಲ್ಲಿನ ದೂಳಿಗೆ ಬರುವ ಸೀನಿದೆ. ಜಾತಿಯ ಹೆಸರೂ ಇದೆ. ಗದ್ದೆಯ ಗೇಣಿ, ಮಂಡ್ಯದ ಕಣ, ಮೈಲಾರನ ದೇವರು, ಮೂರೂ ಆ ರಾತ್ರಿ ಬಿಚ್ಚದ ಪೆಟ್ಟಿಗೆಗಳ ಮಧ್ಯೆ ನಮ್ಮ ಜೊತೆ ಮಲಗಿದವು.

ಒಕ್ಕುವುದಕ್ಕೂ ಒಕ್ಕಲಿಗೂ ಬೇರು ಒಂದೇ ಎಂದು ಜನ ನಂಬುತ್ತಾರೆ. ಕಾಳು ಒಕ್ಕುವವನು ಒಕ್ಕಲಿಗ ಎಂದರೆ ಕೇಳಲು ಹಿತವಾಗಿಯೂ ಇದೆ. ನನಗೇಕೋ ಹಾಗನ್ನಿಸುವುದಿಲ್ಲ. ಹಳೆಯ 'ಒಕ್ಕಲ್' ಎಂಬುದಕ್ಕೆ ಮನೆ, ಬಿಡಾರ, ಕುಟುಂಬ ಎಂಬ ಅರ್ಥಗಳೇ ಮುಂದೆ ನಿಲ್ಲುತ್ತವೆ. ತಮಿಳಿನಲ್ಲಿ ಇದೇ ಶಬ್ದ ನೆಂಟರಿಷ್ಟರು ಎಂಬ ಅರ್ಥದಲ್ಲಿ ಉಳಿದಿದೆ. ತಿರುಕ್ಕುರಳ್ ಗೃಹಸ್ಥನಾದವನು ಕಾಯಬೇಕಾದ ಐವರನ್ನು ಹೆಸರಿಸುವಾಗ ಪಿತೃಗಳು, ದೇವರು, ಅತಿಥಿ, ಒಕ್ಕಲ್, ತಾನು ಎಂದು ಎಣಿಸುತ್ತದೆ. ಅತಿಥಿ ಬೇರೆ, ಒಕ್ಕಲು ಬೇರೆ ಎಂಬುದನ್ನು ಗಮನಿಸಬೇಕು. ತುಳುವಿನ 'ಇಲ್ಲ್ ಒಕ್ಕೆಲ್' ಎಂದರೆ ಹೊಸ ಮನೆ ಹೊಗುವ ಸಮಾರಂಭ. ನಮ್ಮ ಊರಿನ ಕನ್ನಡದಲ್ಲಿ ಅದೇ 'ಮನೆ ಒಕ್ಕಲು'. ಗೇಣಿಯ ಕಹಿಯನ್ನು ಅಷ್ಟು ನೆನಪಿಟ್ಟುಕೊಂಡ ನಾನು ಈ ಸಿಹಿಯನ್ನು ಮರೆತಿದ್ದೆ ನೋಡಿ. ಅತ್ತೆಯ ಮನೆಯ ಒಕ್ಕಲಿಗೆ ಹೋಗಿ ಎರಡು ಎಲೆ ಹೋಳಿಗೆ ಉಂಡ ಹುಡುಗ ನಾನೇ ಅಲ್ಲವೆ?

ಶಾಸನಗಳ ಕಾಲಕ್ಕೆ ಹೋದರೆ ಒಕ್ಕಲು ಎಣಿಕೆಯ ಲೆಕ್ಕ. 'ತೆಲ್ಲಿಗರೈವತ್ತೊಕ್ಕಲು' ಎಂದರೆ ಗಾಣಿಗರ ಐವತ್ತು ಮನೆತನಗಳ ಕೂಟ. ದೀಪದ ಎಣ್ಣೆಗೆ ದತ್ತಿ ಬಿಡುವಾಗ ಇವರ ಹೆಸರು ಬರುತ್ತದೆ. 'ಅರುವತ್ತೊಕ್ಕಲು' ಎಂಬ ಮಾತೂ ಹಾಗೆಯೇ. ಮಾಧ್ವ ಬ್ರಾಹ್ಮಣರಲ್ಲಿ ಒಂದು ಪಂಗಡ ಇವತ್ತಿಗೂ ಆ ಹೆಸರನ್ನೇ ಹೊತ್ತಿದೆ. ಅರುವತ್ತು ಎಂದೋ ಸಾವಿರವಾಗಿದ್ದರೂ ಎಣಿಕೆ ಮಾತ್ರ ಬದಲಾಗಿಲ್ಲ. ಒಬ್ಬ ವ್ಯಕ್ತಿಯನ್ನು ಈ ಲೆಕ್ಕ ಹಿಡಿಯುವುದೇ ಇಲ್ಲ. ಅದಕ್ಕೆ ಬೇಕಾದದ್ದು ಒಲೆ ಹಚ್ಚಿದ ಒಂದು ಮನೆ. ಇಲ್ಲಿನ ಹಳ್ಳಿಗಳಲ್ಲಿ "ಊರಾಗ ಇನ್ನೂರು ಒಕ್ಲು ಅದಾವ್ರಿ" ಎನ್ನುವವರು ಹೇಳುವುದೂ ಹೊಗೆಯಾಡುವ ಒಲೆಗಳ ಲೆಕ್ಕವನ್ನೇ. ಸಿಲಿಂಡರ್ ಬಾರದ ಆ ಮೊದಲ ನಾಲ್ಕು ದಿನ ನಾವು ಆ ಲೆಕ್ಕಕ್ಕೆ ಸೇರಿರಲಿಲ್ಲ. ಐದನೆಯ ದಿನ ಅಜ್ಜಿಯೇ ಮುಂದೆ ನಿಂತು ಹಾಲು ಉಕ್ಕಿಸಿದರು. "ಯಾವ ದಿಕ್ಕಿಗೆ ಉಕ್ಕಿತು ನೋಡ್ರಿ" ಎಂದರು. ನೋಡುವಷ್ಟರಲ್ಲಿ ಹಾಲು ಒಲೆಯನ್ನೇ ನಂದಿಸಿತ್ತು.

ನಾನು ಪೇಟೆ ಸುತ್ತುವಾಗ 'ಒಕ್ಕಲುತನ ಹುಟ್ಟುವಳಿ ಮಾರಾಟ ಸಹಕಾರಿ ಸಂಘ' ಎಂಬಂಥ ಫಲಕ ಕಂಡರೆ ಒಂದು ಗಳಿಗೆ ನಿಲ್ಲುತ್ತೇನೆ. ಕೃಷಿ ಎಂಬ ಸಂಸ್ಕೃತ ಶಬ್ದ ಇಲಾಖೆಯಿಂದ ಬಂದು ಎಲ್ಲವನ್ನೂ ಆವರಿಸಿದರೂ ಬಣ್ಣ ಮಾಸಿದ ಫಲಕಗಳಲ್ಲಿ ಒಕ್ಕಲುತನ ಉಳಿದುಕೊಂಡಿದೆ. ಇಲ್ಲಿ ಅದಕ್ಕೆ ಜಾತಿಯ ಗೊಡವೆಯಿಲ್ಲ. ಜೋಳ ಬಿತ್ತುವವರ, ಹಡಗಲಿಯಲ್ಲಿ ಮಲ್ಲಿಗೆ ಬೆಳೆಯುವವರ ಬದುಕು ಒಕ್ಕಲುತನವೇ.

ಪತ್ರಿಕೆಗಳ ಕಥೆ ಮಾತ್ರ ಬೇರೆ. ಅವು ಈ ಬೇರಿನಿಂದ ಉಳಿಸಿಕೊಂಡ ಕ್ರಿಯಾಪದ ಒಂದೇ, ಒಕ್ಕಲೆಬ್ಬಿಸು. ಕಾಡಿನಿಂದ ಒಕ್ಕಲೆಬ್ಬಿಸಿದರು, ರಸ್ತೆ ಅಗಲಿಸಲು ಒಕ್ಕಲೆಬ್ಬಿಸಿದರು. ಎಬ್ಬಿಸುವ ಮುನ್ನ ಅವರು ಅಲ್ಲಿ 'ಒಕ್ಕಲಾಗಿ'ದ್ದರಲ್ಲ, ಆ ಮಾತು ಎಲ್ಲಿ ಹೋಯಿತು? ಈಗ ನಾವು ಶಿಫ್ಟ್ ಆಗುತ್ತೇವೆ, ಸೆಟ್ಲ್ ಆಗುತ್ತೇವೆ. ಶಿಫ್ಟ್ ಆಗುವುದು ಸಾಮಾನು, ಸೆಟ್ಲ್ ಆಗುವುದು ಲೆಕ್ಕ. ಒಕ್ಕಲಾಗುವುದಕ್ಕೆ ಎರಡೂ ಸಾಲದು, ಯಾರಾದರೂ ಒಬ್ಬರು ನಮ್ಮನ್ನು ಒಕ್ಕಲೆಂದು ಕರೆಯಬೇಕು.

ಒಕ್ಕಲೆಬ್ಬಿಸುವುದು ಈ ಸೀಮೆಗೆ ಹೊಸದೂ ಅಲ್ಲ. ಹೊಸಪೇಟೆಗೆ ಹೋಗುವ ದಾರಿಯಲ್ಲಿ ಮರಿಯಮ್ಮನಹಳ್ಳಿ ಸಿಗುತ್ತದೆ. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿದ್ದು, 1953ರ ಹೊತ್ತಿಗೆ ನೀರು ನಿಂತಾಗ ತೊಂಬತ್ತರಷ್ಟು ಹಳ್ಳಿಗಳು ಮುಳುಗಿದವು, ಐವತ್ತು ಸಾವಿರಕ್ಕೂ ಹೆಚ್ಚು ಜನ ಎದ್ದು ಹೊರಟರು. ಹಾಗೆ ಮುಳುಗಿದ ನಾರಾಯಣದೇವರಕೆರೆಯವರು ಬಂದು ನೆಲೆಸಿದ ಊರು ಮರಿಯಮ್ಮನಹಳ್ಳಿ. ದೇವರನ್ನೂ ಹೊತ್ತು ತಂದರು. ಅಲ್ಲಿಯ ಲಕ್ಷ್ಮೀನಾರಾಯಣನ ಮುಂದೆ ನಿಂತು ನಾನು ಯೋಚಿಸಿದ್ದು, ಇಲ್ಲಿ ಯಾರು ಯಾರ ಒಕ್ಕಲು ಎಂದು. ಊರು ಬಿಟ್ಟವರ ಜೊತೆ ಊರು ಬಿಟ್ಟ ದೇವರು ಅವರದೇ ಒಕ್ಕಲಲ್ಲವೆ?

ಇನ್ನು ಕೂತಲ್ಲಿಂದ ಏಳದೆಯೇ ಮನೆ ಬದಲಿಸಿದವರ ಕಥೆ. ವಿಳಾಸ ಬದಲಾವಣೆಗೆ ಅರ್ಜಿ ಹಾಕಲು ಹೋದಾಗ ಕಂಪ್ಯೂಟರಿನ ಮುಂದಿದ್ದ ಹುಡುಗ ನಮ್ಮ ಜಿಲ್ಲೆ 'ಬಳ್ಳಾರಿ' ಎಂದ. ನಾನು 'ವಿಜಯನಗರ' ಎಂದೆ. ಅರ್ಜಿ ಎರಡು ಸಲ ತಿರುಗಿ ಬಂತು. ಸಾಲಿನಲ್ಲಿ ಹಿಂದೆ ನಿಂತಿದ್ದ ಹರಪನಹಳ್ಳಿಯ ಹಿರಿಯರೊಬ್ಬರು ಸಮಾಧಾನ ಹೇಳಿದರು. ಅವರು ಹುಟ್ಟಿದಾಗ ಊರು ಮದರಾಸಿಗೆ ಸೇರಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಬಂತು, 1973ರಲ್ಲಿ ಮೈಸೂರು ಕರ್ನಾಟಕವಾಯಿತು. 1997ರಲ್ಲಿ ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಹೋಯಿತು, ಆಮೇಲೆ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. "ನಾ ಇದ್ದಲ್ಲೇ ಇದೀನಿ ಸಾರ್, ಮಾಲೀಕ್ರು ಬದಲಾಗ್ತಾರ. ಎಷ್ಟು ಬದಲಾದ್ರೂ ನಾವು ಉಚ್ಚೆಂಗೆಮ್ಮನ ಒಕ್ಲೇ" ಎಂದರು. ಉಚ್ಚಂಗಿದುರ್ಗದ ಬೆಟ್ಟದ ಮೇಲಿರುವ ಆ ತಾಯಿಯ ಹತ್ತಿರ ಒಕ್ಕಲಿನವರು ವಿಳಾಸದ ದಾಖಲೆ ಕೊಡಬೇಕಿಲ್ಲ.

ದೇವರ ಒಕ್ಕಲು ಎಂಬುದರಲ್ಲಿ ನನಗೆ ಹಿಡಿಸಿದ್ದು ಇದೇ. ಇದು ಜಾತಿಯನ್ನು ದಾಟುತ್ತದೆ, ಸೀಮೆಯನ್ನೂ ದಾಟುತ್ತದೆ. ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಭಾರತ ಹುಣ್ಣಿಮೆಯ ಜಾತ್ರೆಗೆ ಬರುವವರಲ್ಲಿ ಎಷ್ಟೋ ಊರಿನ, ಎಷ್ಟೋ ಕುಲದ ಒಕ್ಕಲುಗಳಿವೆ. ಗೊರವಯ್ಯ ಬಿಲ್ಲೇರಿ ಕಾರಣಿಕ ನುಡಿಯುವ ಗಳಿಗೆಗೆ ಲಕ್ಷಗಟ್ಟಲೆ ಮಂದಿ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಕೊಟ್ಟೂರಿನ ತೇರಿಗೆ ದಾವಣಗೆರೆಯಿಂದ ನಡೆದೇ ಬರುವವರಿದ್ದಾರೆ. ಕೂಡ್ಲಿಗಿ, ಹರಪನಹಳ್ಳಿ ಕಡೆಯ ತಾಂಡಾಗಳಿಂದ ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಗುಳೆ ಹೋದ ಗಂಡ ಹೆಂಡಿರು ಅಲ್ಲಿ ಲೈನ್ ಮನೆಯಲ್ಲೋ ಟೆಂಟಿನಲ್ಲೋ ಇರುತ್ತಾರೆ, ದೀಪಾವಳಿಗೆ ಮರಳುತ್ತಾರೆ. ವರ್ಷದಲ್ಲಿ ಆರು ತಿಂಗಳು ಬೀಗ ಜಡಿದ ಆ ಮನೆಯೂ ಊರಿನ ಲೆಕ್ಕದಲ್ಲಿ ಒಂದು ಒಕ್ಕಲೇ. ಹಾಗೆಂದು ಇದನ್ನು ತೀರಾ ಮುದ್ದು ಮಾಡಲಾರೆ. ದೇವರಿಗೆ ಒಕ್ಕಲಾಗಿದ್ದ ಎಷ್ಟೋ ಕುಟುಂಬ ಗೌಡನಿಗೂ ಸಾಲಕ್ಕೂ ಒಕ್ಕಲಾಗಿತ್ತು. ಶಬ್ದ ಒಂದೇ, ಹೊರೆ ಬೇರೆ.

ಒಂದು ಭಾನುವಾರ ಅಂಕಸಮುದ್ರದ ಕೆರೆಗೆ ಹೋದೆವು. ನಮ್ಮ ತಾಲ್ಲೂಕಿನದೇ. ನೀರೊಳಗೆ ನಿಂತ ಜಾಲಿ ಮರಗಳ ತುಂಬ ಹಕ್ಕಿಗಳು. 2024ರ ಜನವರಿಯಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಬಂದಾಗ ಗದಗ ಜಿಲ್ಲೆಯ ಮಾಗಡಿ ಕೆರೆಯ ಹೆಸರೂ ಜೊತೆಗಿತ್ತು. ಮಾಗಡಿಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಚಳಿಗಾಲ ಕಳೆದು ಹೊರಟುಬಿಡುತ್ತವೆ. ಅವು ಅತಿಥಿಗಳು. ಅಂಕಸಮುದ್ರದ ಬಣ್ಣದ ಕೊಕ್ಕರೆಗಳು ಕಡ್ಡಿ ತಂದು ಗೂಡು ಹೆಣೆದು ಮರಿ ಮಾಡುತ್ತವೆ. "ಇವು ಒಕ್ಲು" ಎಂದಳು ಹೆಂಡತಿ. ಮಂಡ್ಯದ ಕಣದಿಂದ ಅವಳು ಎಷ್ಟು ದೂರ ಬಂದಿದ್ದಳೆಂದು ನನಗೆ ಆಗ ತಿಳಿಯಿತು. ನಾನು ಮಾತ್ರ ಇನ್ನೂ ಭೋಪಾಲದ ಸಿಮ್ಮನ್ನೇ ಬಳಸುತ್ತಿದ್ದೆ.

ಮೊನ್ನೆ ಬೆಳಿಗ್ಗೆ ಕರಿ ಕಂಬಳಿ ಹೊದ್ದ ಗೊರವಯ್ಯ ಬಾಗಿಲಲ್ಲಿ ಡಮರುಗ ನುಡಿಸಿದ. ಹೆಂಡತಿ ಮರದಲ್ಲಿ ಜೋಳ ಹಾಕಿಕೊಂಡು ಹೋದಳು. ಅವಳ ಮಾತಿನ ಧಾಟಿ ಕೇಳಿ ಅವನಿಗೆ ಅನುಮಾನ ಬಂದಿರಬೇಕು. ಜೋಳ ಜೋಳಿಗೆಗೆ ಸುರಿಸಿಕೊಂಡು, "ಯಾರ ಒಕ್ಲು ಯವ್ವಾ ಇದು?" ಎಂದ. ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಮೇಲಿನಿಂದ ಅಜ್ಜಿಯ ದನಿ ಬಂತು:

"ನಮ್ಮ ಒಕ್ಲೋ, ಹೊಸದು. ಭಂಡಾರ ಹಚ್ಚು ಇಬ್ರಿಗೂ."