ಕಲ್ಲುಕೋರೆಯ ತಪಾಸಣೆ: ಕುಂದಾಪುರ ಸೀಮೆಯಲ್ಲಿ ಬೆಳೆದು ಬಂದ ಬಗೆ

ಸಣ್ಣ ಕಲ್ಲುಕೋರೆಯ ತಪಾಸಣೆ ಎಂದರೆ, ಬರೆದುಕೊಟ್ಟ ಜಾಗದಲ್ಲೇ, ಬರೆದುಕೊಟ್ಟಷ್ಟೇ ಕಲ್ಲನ್ನು, ಬರೆದುಕೊಟ್ಟ ರೀತಿಯಲ್ಲೇ ತೆಗೆದಿದ್ದಾರೆಯೇ ಎಂದು ಸ್ಥಳಕ್ಕೆ ಹೋಗಿ ಅಳೆದು ನೋಡುವುದು. ಈಚೆಗೆ ಲಾರಿ ತಡೆದು ಪರ್ಮಿಟ್ ಕೇಳುವುದೇ ತಪಾಸಣೆ ಎಂಬ ತಿಳಿವಳಿಕೆ ಗಟ್ಟಿಯಾಗಿದೆ. ಲಾರಿ ಈ ಕೆಲಸದ ಕೊನೆಯ ತುದಿ. ಮೊದಲ ತುದಿ ಇರುವುದು ಹೊಂಡದ ತಳದಲ್ಲಿ.

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳಲ್ಲಿ ಕೋರೆ ಎರಡು ಬಗೆ. ಬೋಳು ದಿಬ್ಬಗಳಲ್ಲಿ ಮುರಕಲ್ಲು, ಅಂದರೆ ಕೆಂಪುಕಲ್ಲು. ಪಾದೆ ಎದ್ದ ಕಡೆ ಜಲ್ಲಿಗೂ ಪಂಚಾಂಗಕ್ಕೂ ಬೇಕಾದ ಶಿಲೆಕಲ್ಲು. ಮುರಕಲ್ಲನ್ನು ಯಂತ್ರದಲ್ಲಿ ಕೊಯ್ದು ತೆಗೆಯುತ್ತಾರೆ, ಮದ್ದು ಬೇಡ. ಶಿಲೆಕಲ್ಲಿಗೆ ಕುಳಿ ಕೊರೆದು ಸಿಡಿಸಬೇಕು. ಒಂದೇ ನಮೂನೆ ಹಿಡಿದು ಎರಡಕ್ಕೂ ಹೋದರೆ ಎರಡನ್ನೂ ನೋಡಿದಂತಾಗದು.

ಬಾರ್ಕೂರು, ಬಸರೂರುಗಳ ಕಾಲದಿಂದ ಇಲ್ಲಿ ಕಲ್ಲು ತೆಗೆದಿದ್ದಾರೆ. 1801ರಲ್ಲಿ ಈ ಕರಾವಳಿಯನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ 1807ರ ತನ್ನ ಪ್ರವಾಸಗ್ರಂಥದಲ್ಲಿ ಇಂಥ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ 1894ರಲ್ಲೇ ಹುಟ್ಟಿತು. ಆದರೆ 1956ರವರೆಗೆ ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡ ಅದರ ವ್ಯಾಪ್ತಿಯ ಹೊರಗಿತ್ತು. ಹಾಗಾಗಿ ಇಲ್ಲಿನ ಕೋರೆಯನ್ನು ಸರ್ಕಾರ ಮೊದಲು ನೋಡಿದ್ದು ಕಂದಾಯದ ಕಣ್ಣಿನಿಂದ, ಭೂವಿಜ್ಞಾನದ ಕಣ್ಣಿನಿಂದಲ್ಲ. ವರ್ಗ, ಅಂದರೆ ಪಟ್ಟಾ ಜಾಗಕ್ಕೆ ತಾಗಿದ ಕುಮ್ಕಿಯ ತಕರಾರು ಆ ಕಾಲದ ಬಳುವಳಿ. ಕುಮ್ಕಿಯಲ್ಲಿ ಸೊಪ್ಪು ತರುವ ಹಕ್ಕು ವರ್ಗದಾರನಿಗೆ ಉಂಟು, ನೆಲ ಸರ್ಕಾರದ್ದು. ಪಟ್ಟಾ ಜಾಗದಲ್ಲಿ ಶುರುವಾದ ಕೋರೆ ಕುಮ್ಕಿಗೆ ಸರಿದರೆ, ಗಡಿಕಲ್ಲು ಹುಡುಕದೆ ಅದು ಗೊತ್ತಾಗುವುದಿಲ್ಲ.

1957ರ ಗಣಿ ಮತ್ತು ಖನಿಜ ಕಾಯ್ದೆಯ 15ನೇ ಕಲಮು ಉಪಖನಿಜಗಳ ನಿಯಮ ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಬಿಟ್ಟಿತು. 1969ರಲ್ಲಿ ನಿಯಮಗಳು ಬಂದವು, 1994ರಲ್ಲಿ ಅವುಗಳ ಜಾಗದಲ್ಲಿ ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳು. ಕಾರ್ಮಿಕರ ಸುರಕ್ಷತೆ ಮಾತ್ರ 1952ರ ಗಣಿ ಕಾಯ್ದೆಯಡಿ ಕೇಂದ್ರದ ಕೈಯಲ್ಲೇ, ಧನಬಾದಿನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದಲ್ಲೇ ಉಳಿಯಿತು. ಒಂದು ಹೊಂಡಕ್ಕೆ ಇಬ್ಬರು ಯಜಮಾನರಾದದ್ದು ಹೀಗೆ.

1990ರ ದಶಕ ತಪಾಸಣೆಯ ವಿದ್ಯೆ ನಿಜವಾಗಿ ಬೆಳೆದ ಕಾಲ. ಕೊಂಕಣ ರೈಲಿನ ಹಾದಿಗೆ, ಅದರ ಬೆನ್ನಿಗೆ ಹೆದ್ದಾರಿಗೆ ಜಲ್ಲಿ ಬೇಕಾಯಿತು. 1997ರಲ್ಲಿ ಉಡುಪಿ ಜಿಲ್ಲೆಯಾಗುವವರೆಗೆ ಜಿಲ್ಲಾ ಕೇಂದ್ರ ಮಂಗಳೂರು. ಬೈಂದೂರಿನ ಕೋರೆ ನೋಡಲು ನೂರು ಕಿಲೋಮೀಟರಿಗೂ ಮೀರಿದ ದಾರಿ. ಟೇಪು, ದಿಕ್ಸೂಚಿ, ಗ್ರಾಮನಕ್ಷೆ, ಇವಿಷ್ಟೇ ಆಗಿನ ಸಲಕರಣೆ. ಗುತ್ತಿಗೆಯ ನಾಲ್ಕು ಮೂಲೆ ಗುರುತಿಸಿ, ಹೊಂಡವನ್ನು ತುಂಡು ತುಂಡಾಗಿ ಅಳೆದು, ಮೇಲಿನ ಮಣ್ಣನ್ನು ಕಳೆದು, ಉಳಿದ ಗಾತ್ರವನ್ನು ಪರ್ಮಿಟ್ಟಿನ ಟನ್ನುಗಳಿಗೆ ತಾಳೆ ನೋಡುತ್ತಿದ್ದರು. 40 ಮೀಟರು ಉದ್ದ, 25 ಮೀಟರು ಅಗಲ, 6 ಮೀಟರು ಆಳದ ಹೊಂಡವೆಂದರೆ 6,000 ಘನಮೀಟರು, ಘನಮೀಟರಿಗೆ 2.6 ಟನ್ನಿನಂತೆ 15,600 ಟನ್ನು ಶಿಲೆಕಲ್ಲು. 10 ಟನ್ನಿನ ಲಾರಿಯಲ್ಲಿ 1,560 ಟ್ರಿಪ್ಪು. ಪರ್ಮಿಟ್ಟು 500 ಟ್ರಿಪ್ಪಿಗೆ ಇದ್ದರೆ, ಒಂದು ಲಾರಿಯನ್ನೂ ತಡೆಯದೆ ತಪ್ಪು ಕೈಗೆ ಸಿಗುತ್ತದೆ. ಅಳತೆ ಸಹಿತ ಬರೆದ ಸ್ಥಳ ಮಹಜರು ಮುಂದೆ ಯಾವ ವಿಚಾರಣೆಯಲ್ಲೂ ನಿಲ್ಲುತ್ತದೆ. ಇದಕ್ಕಿಂತ ಗಟ್ಟಿಯಾದ ಕ್ರಮ ಇಂದಿಗೂ ಇಲ್ಲ.

ಅಳೆಯುವಾಗಲೇ ಬೇರೆ ಸಂಗತಿಗಳೂ ಕಣ್ಣಿಗೆ ಬೀಳುತ್ತವೆ: ಕಲ್ಲುಗಣಿ ಯೋಜನೆಯಂತೆ ಮೆಟ್ಟಿಲು ಬಿಟ್ಟಿದ್ದಾರೆಯೇ, ಗೋಡೆ ನೆಟ್ಟಗೆ ಇಳಿದಿದೆಯೇ, ಅಂಚಿನಲ್ಲಿ ಬೇಲಿ ಉಂಟೇ. 1961ರ ಗಣಿ ನಿಬಂಧನೆಗಳಲ್ಲಿ ಮದ್ದು ಸಿಡಿಸುವ ಜಾಗದ ಸುತ್ತ 300 ಮೀಟರು ಅಪಾಯ ವಲಯ. ಮನೆ ಬಿರುಕು ಬಿಟ್ಟಿತು ಎಂಬ ನೆರೆಯವರ ದೂರಿಗೆ 1997ರ ಸುರಕ್ಷತಾ ಸುತ್ತೋಲೆಯಲ್ಲಿ ಕಂಪನದ ಮಿತಿ ಸಿಕ್ಕಿತು. ಮುರಕಲ್ಲಿನ ಗೋಡೆ, ಹಂಚಿನ ಮಾಡಿನ ಮನೆಗೆ ಇದು ದೊಡ್ಡ ಮಾತು. ಕಂಪನಮಾಪಕ ಇಟ್ಟು ನೋಡದೆ ಅಂಥ ದೂರನ್ನು ತಳ್ಳಿಹಾಕುವುದು ನ್ಯಾಯವಲ್ಲ.

ಆಮೇಲಿನ ಹಂತ ನ್ಯಾಯಾಲಯಗಳದು. ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2012ರ ಫೆಬ್ರವರಿ 27ರಂದು, 5 ಹೆಕ್ಟೇರಿಗಿಂತ ಚಿಕ್ಕ ಉಪಖನಿಜ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದಿತು. ಒಂದೆರಡು ಎಕ್ರೆಯ ಕೋರೆಯೂ ಲೆಕ್ಕಕ್ಕೆ ಬಂತು. ಅದೇ ಹೊತ್ತಿಗೆ ಕ್ರಷರುಗಳಿಗೆ 2011ರ ಪ್ರತ್ಯೇಕ ಕಾಯ್ದೆಯಾಗಿ ಸುರಕ್ಷಿತ ವಲಯ ಎಂಬ ಮಾತು ಹುಟ್ಟಿತು. 2014ರಿಂದ ಮರುಮರಳಿ ಹೊರಟ ಪಶ್ಚಿಮ ಘಟ್ಟದ ಕರಡು ಅಧಿಸೂಚನೆಗಳಲ್ಲಿ ಕುಂದಾಪುರ, ಬೈಂದೂರು ಕಡೆಯ ಘಟ್ಟದ ತಪ್ಪಲಿನ ಹಳ್ಳಿಗಳೂ ಸೇರಿವೆ. ಅಲ್ಲಿ ಗಣಿಗಾರಿಕೆ ನಿಲ್ಲಬೇಕೆಂಬುದು ಪ್ರಸ್ತಾವ.

2021ರ ಜನವರಿ 21ರಂದು ಘಟ್ಟದ ಮೇಲೆ, ಶಿವಮೊಗ್ಗದ ಹುಣಸೋಡಿನಲ್ಲಿ ಸ್ಫೋಟಕ ಸಿಡಿದು ಜೀವಗಳು ಹೋದವು. ತಿಂಗಳು ತುಂಬಿದ ಬೆನ್ನಲ್ಲೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲೂ ಸಾವುಗಳಾದವು. ಸುರಕ್ಷತಾ ನಿರ್ದೇಶನಾಲಯದ ಅನುಮತಿ ಉಂಟೇ ಎಂಬ ಪ್ರಶ್ನೆ ರಾಜ್ಯದ ಎಲ್ಲ ಕೋರೆಗಳಿಗೂ ಬಂದದ್ದು ಆಮೇಲೆ. 1952ರ ಗಣಿ ಕಾಯ್ದೆ ಹುಟ್ಟಿ ಆಗ 69 ವರ್ಷ ಕಳೆದಿತ್ತು.

ಈಗ ಪರ್ಮಿಟ್ಟು ಕಂಪ್ಯೂಟರಿನಲ್ಲಿ, ಲಾರಿಗೆ ಜಿಪಿಎಸ್, ಮೇಲೆ ಡ್ರೋನ್. ಇವು ಬೇಕು. ಆದರೆ ಡ್ರೋನ್ ತೆಗೆದ ಚಿತ್ರಕ್ಕೆ ನೀರಿನ ಮೇಲ್ಮೈ ಕಾಣುತ್ತದೆ, ಹೊಂಡದ ತಳ ಕಾಣುವುದಿಲ್ಲ. ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಜಿಲ್ಲೆಯಿದು. ಜೂನ್ ಕಳೆಯುವಷ್ಟರಲ್ಲಿ ಹೊಂಡ ತುಂಬುತ್ತದೆ, ಆಳದ ಅಳತೆ ಅಲ್ಲಿಗೆ ಮುಗಿಯಿತು. ಅಗೆದ ಗಾತ್ರ ಹಿಡಿಯಬೇಕಾದರೆ ಏಪ್ರಿಲ್, ಮೇ ತಿಂಗಳಲ್ಲೇ ಇಳಿಯಬೇಕು. ನೆರೆಮನೆಯ ಬಾವಿ ಬತ್ತಿತೇ ಎಂದು ನೋಡುವುದಕ್ಕೂ ಅದೇ ತಿಂಗಳು ಸರಿ.

ಮಳೆಗಾಲದಲ್ಲಿ ನೋಡಬೇಕಾದ ಕೋರೆ ಬೇರೆ, ಕೆಲಸ ನಿಂತ ಕೋರೆ. ಕಲ್ಲುಗಣಿ ಯೋಜನೆಯಲ್ಲಿ ಮುಚ್ಚುವ ಕ್ರಮದ ಅಧ್ಯಾಯ ಇರುತ್ತದೆ. ಗುತ್ತಿಗೆ ಮುಗಿದ ಮೇಲೆ ಪರ್ಮಿಟ್ಟೂ ಇಲ್ಲ, ರಾಜಧನವೂ ಇಲ್ಲ. ತಪಾಸಣೆಗೆ ಹೋಗುವ ಕಾರಣವೇ ಕಡತದಿಂದ ಜಾರಿಹೋಗುತ್ತದೆ. ಕರಾವಳಿಯ ಪಾಳುಬಿದ್ದ ಕೋರೆ ಹೊಂಡಗಳಲ್ಲಿ ಈಜಲು ಇಳಿದ ಮಕ್ಕಳು ಮುಳುಗಿದ ಸುದ್ದಿ ವರ್ಷ ವರ್ಷ ಬರುತ್ತಲೇ ಇದೆ. ಪರಿಸರ ಅನುಮತಿಯ ಷರತ್ತಿನಂತೆ ಅರ್ಧವಾರ್ಷಿಕ ವರದಿ ಕೊಡಬೇಕಾದ ದಿನಗಳು ಜೂನ್ 1 ಮತ್ತು ಡಿಸೆಂಬರ್ 1. ಒಂದು ಮಳೆ ಹಿಡಿಯುವ ಮುಂಚೆ, ಇನ್ನೊಂದು ಮಳೆ ಬಿಟ್ಟ ಮೇಲೆ. ಜುಲೈಯಲ್ಲಿ ತುಂಬಿ ನಿಂತ, ಬೇಲಿಯಿಲ್ಲದ ಹೊಂಡದ ಹತ್ತಿರ ಹೋಗಿ ಮಹಜರು ಬರೆಯಬೇಕೆಂದು ಈ ಎರಡು ತಾರೀಕುಗಳಲ್ಲಿ ಯಾವುದೂ ಕೇಳುವುದಿಲ್ಲ.